ಹುಳು ಮನೆಗೆ ಬಿದ್ದ ಎರಡು ಸ್ಟಾರು

ಅತಿಥಿ ಸತ್ಕಾರವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾತನೂರಿನ ಕೊನೆ ಬಸ್ಸು ತಪ್ಪಿಸಿಕೊಂಡವರೆಲ್ಲ ನಮ್ಮ ಮನೆಯಲ್ಲಿ ಮುದ್ದೆ ಉಂಡು ಹೋದವರೇ. ಹೀಗಿರುವಾಗ ಹಾರೋಹಳ್ಳಿಯಲ್ಲಿ ಒಂದರ ಹಿಂದೊಂದು ಫ್ಯಾಕ್ಟರಿ ಎದ್ದವು. ಅಲ್ಲಿಗೆ ಬಂದು ಹೋಗುವ ಎಂಜಿನಿಯರುಗಳು ರಜೆಗೆ ಹಳ್ಳಿಮನೆ ಹುಡುಕುತ್ತಾರೆಂಬ ಸುದ್ದಿಯೂ ಬಂತು. ದೇಶಕ್ಕೆ ನನ್ನ ಸೇವೆ ಅಗತ್ಯವಿದೆಯೆಂದು ನನಗೆ ಆಗಲೇ ಮನವರಿಕೆಯಾಯಿತು!

ಅಡಚಣೆ ಒಂದೇ. ಬಾಡಿಗೆಗೆ ಕೊಡಲು ಕೋಣೆ ಇರಲಿಲ್ಲ. ಇದ್ದದ್ದು ಹುಳು ಮನೆ, ಅಂದರೆ ನನ್ನ ಹೆಂಡತಿ ಜಯಮ್ಮ ರೇಷ್ಮೆ ಹುಳು ಸಾಕುವ ಉದ್ದನೆಯ ಹೆಂಚಿನ ಮನೆ. ನಮ್ಮ ಸಂಸಾರ ನಡೆದದ್ದೇ ಆ ಹುಳುಗಳಿಂದ. ಊರಿಗೆ ನಾನು ಯಜಮಾನನಾದರೂ ಆ ಬಾಗಿಲು ದಾಟಿದರೆ ಬರೀ ಸೊಪ್ಪು ಹೊರುವ ಆಳು. ಮೂರು ದಿನ ಬೆನ್ನು ಹತ್ತಿ ಅರ್ಧ ಮನೆ ಕೇಳಿದೆ.

"ಎರಡು ಬೆಳೆ ಹುಳ ಗೂಡು ಕಟ್ಟೋ ಗಂಟ ಕೊಡ್ತೀನಿ," ಎಂದಳು. "ಅಷ್ಟ್ರೊಳಗೆ ಜನ ಬರ್ನಿಲ್ಲ ಅಂದ್ರೆ ನನ್ನ ಹುಳದ ತಟ್ಟೆ ನಾನು ಜೋಡುಸ್ಕತೀನಿ. ಆಮೇಲೆ ಮಾತಿಲ್ಲ."

ನಡುವೆ ಪ್ಲೈವುಡ್ ಹೊಡೆಸಿದೆ. ಈಚೆಗೆ ಮಂಚ, ಆಚೆಗೆ ಹುಳು. ಕನಕಪುರದ ಸೈಬರ್ ಸೆಂಟರಿನ ಮಂಜುಳಮ್ಮ ಫೋಟೋ ಸಮೇತ ಇಂಟರ್‌ನೆಟ್ಟಿಗೆ ಹಾಕಿಕೊಟ್ಟರು. ಬಂದುಹೋದವರು ಐದರಲ್ಲಿ ಇಷ್ಟು ಸ್ಟಾರು ಅಂತ ಕೊಟ್ಟು ಅಭಿಪ್ರಾಯ ಬರೆಯುತ್ತಾರೆ, ಅದನ್ನು ನೋಡಿ ಮುಂದಿನವರು ಬರುತ್ತಾರೆ ಎಂದೂ ವಿವರಿಸಿದರು. ಐದರಲ್ಲಿ ಐದು ಕೊಡದೆ ಇನ್ನೇನು ಕೊಟ್ಟಾರು ಎಂದುಕೊಂಡೆ.

ಮೊದಲು ಬಂದವರು ಬೆಂಗಳೂರಿನ ರಘು ದಂಪತಿ. ಪಟ್ಟಣದವರು, ಹೆದರಿಯಾರು ಎಂಬ ಕಾಳಜಿಯಿಂದ ಹುಳುಗಳ ವಿಷಯ ನಾನು ಎತ್ತಲಿಲ್ಲ. ಆದರೆ ಹುಳು ಮನೆಯ ಕಟ್ಟುನಿಟ್ಟು ಬಿಡಲಾಗುತ್ತದೆಯೇ? ಹೊಗೆ, ವಾಸನೆ ತಾಗಿದರೆ ಇಡೀ ಬೆಳೆ ಹೋಗುತ್ತದೆ. ಬಾಗಿಲಲ್ಲೇ ಇಬ್ಬರಿಗೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ತೊಳೆಸಿದೆ. ಸೊಳ್ಳೆ ಬತ್ತಿ ಕಿತ್ತುಕೊಂಡೆ. ಆಯಮ್ಮನ ಸೆಂಟು ಬಾಟಲಿಯನ್ನು ದನದ ಕೊಟ್ಟಿಗೆಯಲ್ಲಿ ಭದ್ರವಾಗಿಟ್ಟೆ. ಕಾರಣ ಕೇಳಿದರು. "ನಮ್ಮನೆ ಪದ್ಧತಿ" ಎಂದು ಗಂಭೀರವಾಗಿ ಹೇಳಿದೆ.

ಅವರು ಒಂದು ರಾತ್ರಿ ತಂಗಿ ಹೋದ ಮೇಲೆ ಸೋಮವಾರ ಕನಕಪುರಕ್ಕೆ ಓಡಿದೆ. ಬಂದದ್ದು ಎರಡು ಸ್ಟಾರು. ಮಂಜುಳಮ್ಮ ಕನ್ನಡದಲ್ಲಿ ಓದಿ ಹೇಳಿದರು: "ಮಾಲೀಕರು ವಿಚಿತ್ರ ಮನುಷ್ಯ. ಸೆಂಟನ್ನು ಜಪ್ತಿ ಮಾಡುತ್ತಾರೆ. ಗೋಡೆಯ ಆಚೆ ನಿಲ್ಲದ ಪರಪರ ಸದ್ದು, ಬಹುಶಃ ಇಲಿಗಳು."

ವಿಚಿತ್ರ ಅಂದದ್ದನ್ನು ಸಹಿಸಿಕೊಂಡೆ. ಇಲಿ ಎಂದರೆ ಹೇಗೆ ಸಹಿಸಲಿ? ಹುಳುಗಳನ್ನು ಕದ್ದು ತಿನ್ನುವ ಇಲಿಯನ್ನು ಜಯಮ್ಮ ತನ್ನ ಜನ್ಮದಲ್ಲಿ ಒಳಗೆ ಬಿಟ್ಟವಳಲ್ಲ. ಅಲ್ಲೇ ನಿಂತು ಉತ್ತರ ಹೇಳಿ ಬರೆಸಿದೆ.

"ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಮ್ಮಲ್ಲಿ ಒಂದೇ ಒಂದು ಇಲಿಯೂ ಇರುವುದಿಲ್ಲ. ತಾವು ಕೇಳಿದ್ದು ತಮ್ಮ ದಿಂಬಿನಿಂದ ಒಂದು ಮೊಳ ದೂರದಲ್ಲಿ ನಲವತ್ತು ಸಾವಿರ ಹುಳುಗಳು ಮೇಯುತ್ತಿದ್ದ ಸದ್ದಾಗಿರುತ್ತದೆ."

"ಸಾರ್, ಇದುನ್ನ ಹಾಕ್ಲೇಬೇಕಾ?" ಎಂದರು ಮಂಜುಳಮ್ಮ.

"ಹಾಕಮ್ಮ. ನಿಜ ಹೇಳಕ್ಕೆ ಭಯವೇನು?"

ಮುಂಗಡ ಹೇಳಿಟ್ಟಿದ್ದ ಮೂರು ಪಾರ್ಟಿಗಳೂ ಆ ವಾರವೇ ಬೇಡವೆಂದವು!

ಮೊದಲ ಬೆಳೆಯ ಗೂಡು ಮಾರ್ಕೆಟ್ಟಿಗೆ ಹೋಯಿತು. ಜಯಮ್ಮ ಪ್ಲೈವುಡ್ಡನ್ನು ಗೇಣು ಹಾಕಿ ಅಳೆಯುವುದನ್ನು ಕಂಡೆ. ನನಗೆ ನಿಜಕ್ಕೂ ದಿಗಿಲಾಯಿತು. ನಮ್ಮವರೇ ನಾಲ್ಕು ಒಳ್ಳೆ ಮಾತು ಬರೆದರೆ ತಪ್ಪೇನೆಂದುಕೊಂಡು ಭಾವಮೈದ ಚಿಕ್ಕಣ್ಣನನ್ನೂ ಪಕ್ಕದ ಹೊಲದ ಬೋರೇಗೌಡನನ್ನೂ ಬಸ್ಸು ಹತ್ತಿಸಿ, ಕನಕಪುರದಲ್ಲಿ ಮಸಾಲೆ ದೋಸೆ ತಿನ್ನಿಸಿ, ಕಂಪ್ಯೂಟರಿನ ಮುಂದೆ ಕೂರಿಸಿದೆ. ಒಂದು ವಿಷಯ ಮಾತ್ರ ಮರೆತಿದ್ದೆ. ನಮ್ಮ ಕಡೆ ಮದುವೆಗೆ ಮುಯ್ಯಿ ಮಾಡುವ ಮುಂಚೆ, ಇವನು ನಮಗೇನು ಮಾಡಿದ್ದ ಎಂದು ಹಿಂದಿನದನ್ನು ತಿರುವಿ ನೋಡುತ್ತಾರೆ. ಅದಕ್ಕೆ ತಕ್ಕ ಹಾಗೇ ವಾಪಸು.

ಚಿಕ್ಕಣ್ಣ ಬಹಳ ಯೋಚಿಸಿ ಮೂರು ಸ್ಟಾರು ಒತ್ತಿಸಿದ.

"ಐದು ಅಂತ ಹೇಳಿರ್ನಿಲ್ವಾ?" ಎಂದೆ.

"ನನ್ ಮಗಳ ಮದ್ವೇಲಿ ನೀನು ಊಟ ಬುಟ್ಟು ಬಸ್ಸಿಗೆ ಓಡೋದಲ್ಲ ಭಾವ. ಅದ್ಕೆ ಎರಡು ಮುರ್ಕಂಡಿವ್ನಿ."

ಬೋರೇಗೌಡ ಕೊಟ್ಟದ್ದು ಒಂದು. "ನೀನು ನನ್ ಹೊಲದ ಬದ ಒತ್ತಿ ಉತ್ತಿದ್ದೆ, ಗ್ಯಾಪ್ಕ ಐತೇನ್ಲಾ? ಈ ಒಂದೂ ಅಕ್ಕಪಕ್ಕದೋನು ಅಂತ ಕೊಟ್ಟಿವ್ನಿ, ಸುಮ್ಕಿರು."

ಮಂಜುಳಮ್ಮ ಲೆಕ್ಕ ಹಾಕಿದರು. ಇಷ್ಟೆಲ್ಲ ಆದ ಮೇಲೂ ಸರಾಸರಿ ಎರಡೇ. ಜೊತೆಗೆ, ಇಬ್ಬರೂ ಹೇಳಿದ್ದನ್ನೆಲ್ಲ ಅವರು ಟೈಪ್ ಮಾಡಿದ್ದರಿಂದ ನನ್ನ ಬದದ ವ್ಯಾಜ್ಯ ಈಗ ಪ್ರಪಂಚಕ್ಕೆಲ್ಲ ಇಂಗ್ಲಿಷಿನಲ್ಲಿ ಗೊತ್ತಾಗಿತ್ತು.

ಎರಡನೆಯ ಬೆಳೆಯೂ ಹಣ್ಣಾಗತೊಡಗಿತು, ಅಂದರೆ ಹುಳು ಗೂಡು ಕಟ್ಟುವ ಹಂತಕ್ಕೆ ಬಂತು. ಬೇರೆ ದಾರಿ ಕಾಣದೆ ರಘು ಅವರಿಗೇ ಫೋನು ಮಾಡಿ, ದಯವಿಟ್ಟು ಇನ್ನೊಮ್ಮೆ ಬನ್ನಿ, ಬಾಡಿಗೆ ಬೇಡ ಎಂದು ಅಂಗಲಾಚಿದೆ.

"ನಲವತ್ತು ಸಾವಿರ ಹುಳ ನಿಜಾನಾ?" ಎಂದರು.

"ಹೆಚ್ಚೂಕಮ್ಮಿ," ಎಂದೆ ಮೆಲ್ಲಗೆ.

ಭಾನುವಾರ ಬೆಳಿಗ್ಗೆಯೇ ಇಬ್ಬರೂ ಬಂದಿಳಿದರು. ನಾನು ರೇಷ್ಮೆಯ ಇತಿಹಾಸದ ಬಗ್ಗೆ ಒಂದು ಚಿಕ್ಕ ಭಾಷಣ ಶುರುಮಾಡಿದ್ದೆ, ಅಷ್ಟರಲ್ಲಿ ಜಯಮ್ಮ ಬಾಗಿಲು ತೆಗೆದು, "ಬಾರವ್ವ, ಸೆಂಟು ಹಾಕ್ಕಂಡಿಲ್ಲ ತಾನೆ? ಹುಳ ತಡಿಯಾಕಿಲ್ಲ ಕಣವ್ವ" ಎಂದು ಆಯಮ್ಮನ ಕೈ ಹಿಡಿದು ಒಳಗೆ ಕರೆದೊಯ್ದಳು. ನಾನು ಎರಡು ತಿಂಗಳಿಂದ ಬಚ್ಚಿಟ್ಟಿದ್ದ ಕಾರಣ ಅವಳಿಗೆ ಒಂದೇ ಉಸಿರಿನ ಮಾತಾಗಿತ್ತು.

ಸಂಜೆಯ ತನಕ ಅವರು ಹೊರಗೆ ಬರಲಿಲ್ಲ. ಹಣ್ಣಾದ ಹುಳು ಯಾವುದು, ಅದನ್ನು ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರ ತಟ್ಟಿಯ ಮೇಲೆ ಹೇಗೆ ಬಿಡಬೇಕು, ಎಲ್ಲವನ್ನೂ ಜಯಮ್ಮ ತೋರಿಸಿಕೊಟ್ಟಳು. ಆಯಮ್ಮ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಮಗುವಿನಂತೆ ನಗುತ್ತಿದ್ದರು. ಕಿಟಕಿಯಾಚೆ ನನ್ನ ಭಾಷಣ ಮುಂದುವರಿದಿತ್ತು. ಎಮ್ಮೆ ಕೇಳಿಸಿಕೊಳ್ಳುತ್ತಿತ್ತು.

ಎರಡು ದಿನದ ಮೇಲೆ ಮಂಜುಳಮ್ಮ ಫೋನಿನಲ್ಲೇ ಓದಿದರು: "ಜಯಮ್ಮನವರಿಗೆ ಐದಕ್ಕೆ ಐದು. ಹುಳುಗಳಿಗೂ ಐದಕ್ಕೆ ಐದು. ಬೆಳಿಗ್ಗೆ ಹೋಗಿ ಸಂಜೆ ಬನ್ನಿ, ತಂಗುವುದು ಬೇಡ. ಯಜಮಾನರು ಒಳ್ಳೆಯವರೇ. ಮಾತು ಶುರುಮಾಡಿದರೆ ಮಾತ್ರ ಏನಾದರೂ ಕೆಲಸ ಹುಡುಕಿಕೊಳ್ಳಿ."

ಆಮೇಲೆ ಫೋನುಗಳು ಬರತೊಡಗಿದವು. ಎಲ್ಲವೂ ಜಯಮ್ಮನಿಗೆ. ಅವಳು ಮಾತಿಗೆ ತಪ್ಪಲಿಲ್ಲ, ಎರಡನೆಯ ಬೆಳೆ ಮುಗಿದ ದಿನವೇ ಪ್ಲೈವುಡ್ ಕೀಳಿಸಿದಳು.

"ಜನ ಬತ್ತಾವ್ರಲ್ಲ," ಎಂದು ಗೋಗರೆದೆ.

"ಹುಳ ನೋಡಕ್ಕೆ ಬತ್ತಾವ್ರೆ. ನಿಮ್ ಮಂಚ ನೋಡಕ್ಕಲ್ಲ."

ಮಂಚ ಜಗಲಿಗೆ ಬಂತು. ಅದರ ಮೇಲೆ ಕೂತು ರಘು ಅವರು ಬರೆದ ಆ ಕೊನೆಯ ಸಾಲನ್ನು ನೆನೆನೆನೆದು ಕುದ್ದೆ. "ಮಾನ್ಯರೇ" ಎಂದು ಶುರುವಾಗುವ ಎರಡು ಪುಟದ ಉತ್ತರ ಬರೆದು, ಇಸ್ತ್ರಿ ಅಂಗಿ ತೊಟ್ಟು ಹೊರಟೆ.

"ಎಲ್ಗೆ?" ಎಂದಳು ಜಯಮ್ಮ, ಸೊಪ್ಪಿನ ಹೊರೆ ಇಳಿಸುತ್ತಾ.

"ಕನಕಪುರಕ್ಕೆ. ಇದ್ಕೆ ಉತ್ರ ಕೊಡ್ಲೇಬೇಕು. ಒಬ್ಬ ಮನ್ಸನ ಜೊತೆ ಎರಡು ದಿನ ಇದ್ದು, ಊರಿಗೆಲ್ಲ ಕಾಣೋ ಹಂಗೆ ಬರ್ದುಬುಡೋದಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಪ್ಪತ್ತಾರು ವರ್ಸದಿಂದ ನಿಮ್ ಜೊತೆ ಇವ್ನಿ. ನಾನೆಲ್ಲಾದ್ರೂ ಬರೆದ್ನಾ?"

ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿದೆ.