ಪಂಜರದ ಬಿಳಿ ತುಂಡು

ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ಕೂಡ ದಾಟಿಲ್ಲ. ಕೇಕ್ ಬಂದರೆ ಮೊದಲು ನಾನು ಮೂಸಿ ನೋಡಬೇಕು, ಆಮೇಲೆಯೇ ಚಾಕು. ನಲವತ್ತೆಂಟರ ವಯಸ್ಸಿನಲ್ಲೂ ನನ್ನ ಮೂವತ್ತೆರಡು ಹಲ್ಲು ಗಟ್ಟಿಯಾಗಿದ್ದವು. ಆಫೀಸಿನಲ್ಲಿ ಯಾರಾದರೂ ಹಲ್ಲುನೋವೆಂದರೆ ಸಾಕು, ಬಾಯಿ ತೆರೆದು ತೋರಿಸಿ, "ಶುದ್ಧ ಶಾಕಾಹಾರದ ಫಲ ನೋಡ್ರಿ ಇದು" ಎನ್ನುತ್ತಿದ್ದೆ.

ಅಂಥ ಮನೆಗೆ ಎರಡು ಸಾವಿರದ ಮೂರರಲ್ಲಿ ನನ್ನ ಹೆಂಡತಿ ಜಯಾ ಜೋಡಿ ಲವ್ ಬರ್ಡ್ಸ್ ತಂದಳು. ಪಂಜರದ ಸರಳಿಗೆ ಬಿಳಿಯದೊಂದು ತುಂಡು ಕಟ್ಟಿತ್ತು. ಹಕ್ಕಿಗಳು ಅದನ್ನು ಕೆರೆಯುತ್ತಿದ್ದವು.

"ಏನದು?"

"ಕಟಲ್ ಫಿಶ್ ಅನ್ನೂ ಮೀನಿನ ಎಲುಬಂತ್ರಿ. ಕೊಕ್ಕು ಗಟ್ಟಿ ಆಕ್ಕಾವಂತ."

ಮೀನಿನ ಎಲುಬು! ನನ್ನ ಮನೆಯಲ್ಲಿ! ಪಿತ್ತ ನೆತ್ತಿಗೇರಿತು. ತುಂಡನ್ನು ಕಾಗದದಲ್ಲಿ ಹಿಡಿದು ಕಿತ್ತು ಕಂಪೌಂಡಿನಾಚೆ ಒಗೆದೆ. ಪಡಸಾಲೆಯನ್ನು ಮೂರು ಸಲ ತೊಳೆಸಿದೆ. ಮುಟ್ಟಿದ ತಪ್ಪಿಗೆ ಜಯಾಳಿಗೆ ತಲೆಸ್ನಾನ, ಕಚ್ಚಿದ ತಪ್ಪಿಗೆ ಹಕ್ಕಿಗಳಿಗೂ ಒಂದು ಚೊಂಬು ನೀರು. ಅಷ್ಟಕ್ಕೂ ಸಿಟ್ಟು ಇಳಿಯದೆ ಸ್ಕೂಟರ್ ಹತ್ತಿ ಕೇಶ್ವಾಪುರದ ಹಕ್ಕಿ ಅಂಗಡಿಗೆ ಹೋದೆ.

"ಶರೀಫಸಾಬ, ನಮ್ಮಂಥವರ ಮನಿಗೆ ಎಲುಬು ಕಳಸ್ತೀರಲ್ಲಾ, ನಾಚಿಕಿ ಆಗೂದಿಲ್ಲೇನ್ರಿ?"

ಆತ ಕಾಳು ಕೇರುವುದನ್ನೂ ನಿಲ್ಲಿಸಲಿಲ್ಲ. "ನಾ ಅದನ್ನ ನಿಮ್ಮ ಓಣಿ ಗ್ರಂಧಿಗಿ ಅಂಗಡ್ಯಾಗಿಂದನ ತರ್ತೇನ್ರಿ ಸಾಹೇಬ್ರ, ಔಷಧದ ಬೇರು-ಬೀಜ ಮಾರೋರ ಕಡಿಂದ. ಮೀನು ಸತ್ತ ಮ್ಯಾಲೆ ಬೆನ್ನೆಲುಬು ತೇಲಿ ದಂಡಿಗೆ ಬರ್ತದ. ನೊರಿ ಒಣಗಿ ಕಲ್ಲಾಗೇದ ಅಂತ ಹಿಂದಿನ ಮಂದಿ ತಿಳದ್ರು. ಅದಕ್ಕ ಸಮುದ್ರದ ನೊರಿ ಅಂತ ಹೆಸರಿಟ್ರು."

ಸಮುದ್ರದ ನೊರೆ. ಈ ಹೆಸರು ಎಲ್ಲೋ ಕೇಳಿದ್ದೇನಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಮನೆಗೆ ಬಂದರೆ, ಬೆಳಿಗ್ಗೆಯೇ ಮಠಕ್ಕೆ ಹೋಗಿದ್ದ ನಮ್ಮವ್ವ ರುಕ್ಮವ್ವ ಹಿತ್ತಲಲ್ಲಿ ಕುಳಿತು ಏನೋ ಕುಟ್ಟುತ್ತಿದ್ದಳು.

"ಏನವ್ವಾ ಅದು?"

"ನಿನ್ನ ಹಲ್ಲಿನ ಪುಡಿನೋ. ನಿನಗ ಹಲ್ಲು ಬಂದಾಗಿಂದ ಕುಟ್ಟಾಕತ್ತೇನಿ, ಈಗ ಕೇಳ್ತಿ. ಲವಂಗ, ಪಟಿಕ, ಸಮುದ್ರದ ನೊರಿ." ದನಿ ತಗ್ಗಿಸಿ ಹಿಗ್ಗಿದಳು. "ಈ ಸಲ ನೊರಿ ಪುಕ್ಕಟ ಸಿಕ್ತು ನೋಡ. ಮಠದಿಂದ ಬರೂ ಮುಂದ ಕಂಡೆ. ಯಾವನೋ ಹುಚ್ಚ ನಮ್ಮ ಕಂಪೌಂಡಿನಾಚೆ ಒಗದಿದ್ದ."

ಇಷ್ಟು ವರ್ಷ ಊರಿಗೆಲ್ಲ ತೋರಿಸಿದ ಹಲ್ಲುಗಳ ಮೇಲೆ ತುಟಿ ಬಿಗಿದು ನಿಂತೆ.

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡ ಜಯಾ ಬಾಗಿಲಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈಗ ಸಿಟ್ಟಿನ ಪಾಳಿ ಅವಳದು.

"ಮುಟ್ಟಿದ್ದಕ್ಕ ನನಗ ತಲಿಸ್ನಾನ ಮಾಡಿಸಿದ್ರಿ. ಪಡಸಾಲಿ ಮೂರು ಸಲ ತೊಳಸಿದ್ರಿ. ಬರ್ರಿ, ಈಗ ಬಾಯಿ ತೊಳಕೋರಿ, ಮೂರು ಸಲ." ಚೊಂಬು ನನ್ನ ಮುಂದೆ ಹಿಡಿದಳು. "ಹಲ್ಲಿಗೆ ಯಾವ ಪುಡಿ ಕೊಡ್ಲಿ?"