ಆರತಕ್ಷತೆಯ ಕ್ಯೂ ಕರಗಿಸಿದ್ದು

ಸಾಲಿನಲ್ಲಿ ನಿಂತಾಗ ಕೆಲವರು ಮೊಬೈಲ್ ನೋಡುತ್ತಾರೆ, ಕೆಲವರು ಮುಂದಿನವರ ಬೆನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ನಾನು ಮಾತ್ರ ಕತ್ತು ಉದ್ದ ಮಾಡಿ, ಸಾಲಿನ ತಲೆಯ ಹತ್ತಿರ ನಿಜವಾಗಿ ಏನು ನಡೆಯುತ್ತಿದೆ ಎಂದು ಪತ್ತೆ ಹಚ್ಚಲು ಹೊರಡುತ್ತೇನೆ. ಕೌಂಟರಿನಲ್ಲಿರುವವರು ಚಿಲ್ಲರೆ ಹುಡುಕುತ್ತಿದ್ದಾರೋ, ಪೆನ್ನು ಹುಡುಕುತ್ತಿದ್ದಾರೋ, ಅಥವಾ ಪಕ್ಕದವರ ಹತ್ತಿರ ಮಗಳ ನಾಮಕರಣದ ವಿಷಯ ಮಾತಾಡುತ್ತಿದ್ದಾರೋ ಎಂದು ತಿಳಿಯುವವರೆಗೆ ನನಗೆ ಸಮಾಧಾನವಿಲ್ಲ. ಹೀಗೆ ನೋಡಲು ಹೋಗಿ ನನ್ನ ಜಾಗ ಕಳೆದುಕೊಂಡು, ಮತ್ತೆ ಸಾಲಿನ ಕೊನೆಗೆ ಬಂದು ನಿಂತದ್ದು ಬೇಕಾದಷ್ಟು ಸಲ. ಇದೊಂದು ಚಾಳಿ ಎಂದು ಹೆಂಡತಿ ಲಲಿತಾ ಬೈಯುತ್ತಾಳೆ. ಆದರೆ ನನಗೆ ಸಂಬಳ ಬರುವುದೇ ಈ ಚಾಳಿಗೆ.

ಊರಾಚೆಯ ಕಾರ್ಖಾನೆಯೊಂದರಲ್ಲಿ ನಾನು ಲೀನ್ ವಿಭಾಗ ನೋಡಿಕೊಳ್ಳುತ್ತೇನೆ. ಲೀನ್ ಅಂದರೆ ಏನು ಎಂದು ಕೇಳಿದವರಿಗೆ, ಕೆಲಸಕ್ಕೆ ಅಂಟಿಕೊಂಡಿರುವ ಬೊಜ್ಜು ಕರಗಿಸುವುದು ಎಂದು ಹೇಳುತ್ತೇನೆ. ಕೇಳಿದವರ ಕಣ್ಣು ಸೀದಾ ನನ್ನ ಹೊಟ್ಟೆಗೆ ಇಳಿಯುತ್ತದೆ. ಅದನ್ನು ಕಂಡೂ ಕಾಣದವನಂತೆ ನಾನು ಮುಂದುವರಿಸುತ್ತೇನೆ: ಸುಮ್ಮನೆ ಕಾಯುವುದು, ಸುಮ್ಮನೆ ಓಡಾಡುವುದು, ಬೇಡದ್ದನ್ನು ಕೂಡಿಡುವುದು, ಮಾಡಿದ್ದನ್ನೇ ಮತ್ತೆ ಮಾಡುವುದು, ಇವೆಲ್ಲ ದಂಡ. ದಂಡವನ್ನು ಹುಡುಕಿ ತೆಗೆದರೆ ಅದೇ ಜನ, ಅದೇ ಯಂತ್ರ ಇಟ್ಟುಕೊಂಡು ಹೆಚ್ಚು ಕೆಲಸ ಮಾಡಬಹುದು. ಕಾರ್ಖಾನೆಯಲ್ಲಿ ಇದು ಚೆನ್ನಾಗಿಯೇ ನಡೆಯಿತು. ತೊಂದರೆ ಶುರುವಾದದ್ದು ನಮ್ಮ ಸಾಹೇಬರು, 'ಈ ವಿದ್ಯೆ ಎಲ್ಲ ಕಡೆಗೂ ಆಗುತ್ತೆ ಕಣ್ರೀ' ಎಂದು ನನ್ನನ್ನು ಬೇರೆಬೇರೆ ಕಡೆ ಪಾಠ ಹೇಳಲು ಕಳಿಸತೊಡಗಿದ ಮೇಲೆ.

ಮೊದಲು ಒಂದು ಆಸ್ಪತ್ರೆಗೆ ಹೋದೆ. ಅಲ್ಲಿ ಚೀಟಿ ಮಾಡಿಸುವ ಕಿಟಕಿಯ ಮುಂದೆ ದೊಡ್ಡ ಸಾಲು. ಕಿಟಕಿಯ ಕೆಲಸವನ್ನು ಹಗುರ ಮಾಡಿ ಆ ಸಾಲನ್ನು ಮಾಯ ಮಾಡಿದೆ. ಅಷ್ಟೂ ಜನ ಡಾಕ್ಟರ ಬಾಗಿಲಿಗೆ ಹೋಗಿ ನಿಂತರು. ಡಾಕ್ಟರು ಗಾಬರಿಯಿಂದ ಆಚೆ ಬಂದು, 'ಎಲ್ಲಾದ್ರೂ ಬಸ್ ಪಲ್ಟಿ ಆಗಿದೆಯಾ?' ಎಂದು ಕೇಳಿದರು. ಆಮೇಲೆ ಚಿಕ್ಕಪೇಟೆಯ ಒಂದು ಸೀರೆ ಅಂಗಡಿ. ಒಬ್ಬೊಬ್ಬ ಗಿರಾಕಿಗೂ ರಾಶಿ ರಾಶಿ ಸೀರೆ ಬಿಚ್ಚಿ ತೋರಿಸುವುದು, ಅವರು ಹೋದ ಮೇಲೆ ಅಷ್ಟನ್ನೂ ಮಡಿಸುವುದು, ನನ್ನ ಲೆಕ್ಕದಲ್ಲಿ ಇದೆಲ್ಲ ದಂಡವೇ. ಬೇಕಾದ ಬಣ್ಣ ಮೊದಲೇ ಕೇಳಿಕೊಂಡು ಒಂದೆರಡು ಸೀರೆ ಮಾತ್ರ ತೋರಿಸಿ ಎಂದೆ. ಅಂಗಡಿಯ ಮಾಲೀಕರು ನನ್ನನ್ನು ಕನಿಕರದಿಂದ ನೋಡಿ ಹೇಳಿದರು: 'ಸಾರ್, ಒಂದೆರಡು ತೋರಿಸಿದ್ರೆ ನೋಡಿ ಎದ್ದು ಹೋಗ್ತಾರೆ. ರಾಶಿ ಬಿದ್ದ ಮೇಲೆ, ಅಯ್ಯೋ ಪಾಪ ಇಷ್ಟು ತೆಗೆಸಿದ್ವಲ್ಲ ಅಂತ ಒಂದು ತಗೊಂಡೇ ಹೋಗೋದು.' ಅಲ್ಲಿಂದ ನಾನು ಲಲಿತಾಳಿಗೊಂದು ಸೀರೆ ತಗೊಂಡು ವಾಪಸ್ಸು ಬಂದೆ. ನನ್ನ ಮುಂದೆಯೂ ರಾಶಿ ಬಿದ್ದಿತ್ತು.

ಇಷ್ಟೆಲ್ಲ ಆದರೂ ನನ್ನ ಕುತೂಹಲ ತಣ್ಣಗಾಗಿರಲಿಲ್ಲ. ಅಷ್ಟು ಹೊತ್ತಿಗೆ ನಮ್ಮ ಸುಶೀಲಕ್ಕನ ಎರಡನೇ ಮಗಳು ಮೇಘನಾಳ ಮದುವೆ ನಿಶ್ಚಯವಾಯಿತು. ನಮ್ಮ ಭಾವ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟವರು. ಎಂಥ ಬೆಲೆ ಕುಸಿತಕ್ಕೂ ಜಗ್ಗುವ ಆಸಾಮಿಯಲ್ಲ. ಅಂಥವರು ಒಂದು ಭಾನುವಾರ ಚಾಮರಾಜಪೇಟೆಯ ನಮ್ಮ ಮನೆಗೆ ಬಂದು, ಕಾಫಿ ಕೂಡ ಕುಡಿಯದೆ ಕೂತುಬಿಟ್ಟರು.

'ದೊಡ್ಡವಳ ಮದುವೇಲಿ ಏನಾಯ್ತು ಅಂತ ಗೊತ್ತಲ್ಲ' ಅಂದರು.

ಗೊತ್ತಿಲ್ಲದೆ ಏನು. ಆ ಆರತಕ್ಷತೆಯ ಕ್ಯೂ ಛತ್ರದ ಬಾಗಿಲು ದಾಟಿ ರಸ್ತೆಗೆ ಬಂದಿತ್ತು. ಭಾವನವರ ದೊಡ್ಡಪ್ಪ, ಮಾವಳ್ಳಿಯಲ್ಲಿರುವ ಹಿರಿಯರು, ಭಾವನಿಗೆ ವ್ಯಾಪಾರ ಕಲಿಸಿ ಮಂಡಿ ಹಾಕಿಕೊಟ್ಟವರು, ಅವತ್ತು ಊಟ ಮಾಡದೆ ಎದ್ದು ಹೋಗಿದ್ದರು. ಅಂದಿನಿಂದ ಭಾವನ ಮನೆಗೆ ಕಾಲಿಟ್ಟಿರಲಿಲ್ಲ. ಎದುರಿಗೆ ಸಿಕ್ಕರೆ 'ಹೂಂ', ಹೆಚ್ಚೆಂದರೆ 'ಹೂಂ ಸರಿ'.

'ಈ ಸಲ ಕೈಕಾಲು ಹಿಡಿದು ಒಪ್ಪಿಸಿದೀನಿ, ಬರ್ತಾರೆ. ಈ ಸಲಾನೂ ಆ ದರಿದ್ರ ಕ್ಯೂ ನೋಡಿ ಹಸ್ಕೊಂಡು ವಾಪಸ್ ಹೋದ್ರೆ, ಮುಗೀತು ಕಣೋ ರಮೇಶ. ಇನ್ನು ಅವರು ನನ್ನ ಮುಖ ನೋಡಲ್ಲ. ನೀನು ಅದೇನೋ ಕ್ಯೂ ಕರಗಿಸ್ತೀಯಂತಲ್ಲ, ಸ್ವಲ್ಪ ನೋಡಪ್ಪ' ಅಂದರು. ಭಾವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನಗೆ ಮಾತ್ರ, ನಾಚಿಕೆಯಾಗುತ್ತದೆ ಹೇಳಲು, ಒಳಗೊಳಗೇ ಖುಷಿಯಾಯಿತು.

ನಮ್ಮ ವಿದ್ಯೆಯಲ್ಲಿ ಒಂದು ನಿಯಮವಿದೆ. ಕುರ್ಚಿಯಲ್ಲಿ ಕೂತು ಯೋಚಿಸಬಾರದು, ಕೆಲಸ ನಡೆಯುವ ಜಾಗಕ್ಕೇ ಹೋಗಿ ಕಣ್ಣಾರೆ ನೋಡಬೇಕು. ಹಾಗೆ ನೋಡಲು ನನಗೊಂದು ಆರತಕ್ಷತೆ ಬೇಕಾಗಿತ್ತು. ಗುರುತಿನವರ ಮದುವೆ ಯಾವುದೂ ಇರಲಿಲ್ಲವಾದ್ದರಿಂದ, ನಮ್ಮವರು ಯಾರೂ ಸುಳಿಯದ ಮಲ್ಲೇಶ್ವರದ ಒಂದು ಛತ್ರಕ್ಕೆ, ಗುರುತೇ ಇಲ್ಲದವರ ಮದುವೆಗೆ, ರೇಷ್ಮೆ ಶರ್ಟು ಹಾಕಿಕೊಂಡು ಹೊರಟೆ. ಒಬ್ಬನೇ ಹೋದರೆ ಕಳ್ಳ ಅಂದುಕೊಳ್ಳುತ್ತಾರೆಂದು ಲಲಿತಾಳನ್ನೂ ಎಳೆದುಕೊಂಡು ಹೋದೆ. ಅವಳು ಆ ಚಿಕ್ಕಪೇಟೆ ಸೀರೆ ಉಟ್ಟಿದ್ದಳು. ಕ್ಯೂನಲ್ಲಿ ಮುಂದಿದ್ದ ಅಜ್ಜಿಯೊಬ್ಬರು ತಿರುಗಿ, 'ನೀವು ಯಾರ ಕಡೆಯವರು?' ಅಂದರು. ನಾನು 'ಹುಡುಗನ ಕಡೆ' ಅಂದೆ. ಅದೇ ಹೊತ್ತಿಗೆ ಲಲಿತಾ 'ಹುಡುಗಿ ಕಡೆ' ಅಂದಳು. ನಮ್ಮ ಕಥೆ ಮುಗಿಯಿತು ಎಂದುಕೊಂಡರೆ ಅಜ್ಜಿ, 'ಓ, ಎರಡೂ ಕಡೆಗೆ ಬೇಕಾದವರು! ನೀವ್ಯಾಕೆ ಇಲ್ಲಿ ನಿಂತ್ಕೊಂಡ್ರಿ?' ಎಂದು ಕೈ ಹಿಡಿದು, ಪಕ್ಕದ ಮೆಟ್ಟಿಲಿನಿಂದ ಸೀದಾ ವೇದಿಕೆಗೆ ಹತ್ತಿಸಿಬಿಟ್ಟರು. ಆ ದಂಪತಿಗಳ ಆಲ್ಬಮ್ಮಿನಲ್ಲಿ ನಾವಿಬ್ಬರೂ ಬಹಳ ಹತ್ತಿರದವರಂತೆ ನಗುತ್ತಾ ನಿಂತಿದ್ದೇವೆ.

ವೇದಿಕೆಯಿಂದ ಇಳಿದು, ಒಂದು ಕಂಬದ ಪಕ್ಕ ಕೂತು ನೋಡಿದೆ. ಎಲ್ಲರೂ ಫೋಟೋ ತೆಗೆಯುವವರನ್ನು ಬೈಯುತ್ತಿದ್ದರು. ತಪ್ಪು ಅವರದಲ್ಲವೇ ಅಲ್ಲ. ಒಂದು ಸಂಸಾರ ಮೇಲೆ ಹತ್ತುತ್ತದೆ. ಹತ್ತಿದ ಮೇಲೆ ಅತ್ತೆ ಕೆಳಗೆ ಕುರ್ಚಿಯಲ್ಲೇ ಉಳಿದಿದ್ದಾರೆ ಎಂದು ನೆನಪಾಗುತ್ತದೆ. ಅವರನ್ನು ಕರೆತರಲು ಮಗ ಇಳಿಯುತ್ತಾನೆ. ಅತ್ತೆ ಬರುವ ಹೊತ್ತಿಗೆ ಮಗ ನಾಪತ್ತೆ. ಮಗುವಿನ ಮೂಗು ಒರೆಸಬೇಕು, ವ್ಯಾನಿಟಿ ಬ್ಯಾಗು ಎಲ್ಲಿಡುವುದು ಎಂದು ತೀರ್ಮಾನವಾಗಬೇಕು, ಎತ್ತರದವರು ಹಿಂದೆ ಹೋಗಬೇಕು. ಕೊನೆಗೆ, 'ಒಂದ್ನಿಮಿಷ, ನಮ್ಮ ಮೊಬೈಲಲ್ಲೂ ಒಂದು.' ಕಾರ್ಖಾನೆಯಲ್ಲಾದರೆ, ಯಂತ್ರ ನಿಲ್ಲಿಸಿ ಮಾಡುವ ಈ ತಯಾರಿಯನ್ನೆಲ್ಲ ಯಂತ್ರ ಓಡುತ್ತಿರುವಾಗಲೇ ಹೊರಗೆ ಮುಗಿಸಿಕೊಳ್ಳುತ್ತೇವೆ. ಉಪಾಯ ಸಿಕ್ಕಿತು. ನಾನು ಕಂಬದ ಪಕ್ಕದಲ್ಲೇ ಒಂದು ಚಪ್ಪಾಳೆ ಹೊಡೆದೆ, ಸುತ್ತ ಕೂತವರು ನಾದಸ್ವರದವರಿಗೆ ಹೊಡೆದದ್ದೆಂದುಕೊಂಡು ತಾವೂ ಹೊಡೆದರು.

ಮೇಘನಾಳ ಆರತಕ್ಷತೆ ಬಸವನಗುಡಿಯ ಒಂದು ಛತ್ರದಲ್ಲಿ. ಮೇಲೆ ಸಭಾಂಗಣ, ಕೆಳಗೆ ಊಟದ ಹಾಲು. ಲಲಿತಾಳನ್ನು ವೇದಿಕೆಯ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದೆ. ಪ್ರತಿ ಸಂಸಾರವೂ ಮೇಲೆ ಹತ್ತುವ ಮೊದಲೇ ಅವಳ ಹತ್ತಿರ ಎತ್ತರದ ಪ್ರಕಾರ ಜೋಡಣೆಯಾಗಿ, ಮೂಗು ಒರೆಸಿಕೊಂಡು, ಬ್ಯಾಗು ಕೊಟ್ಟು ತಯಾರಾಗಬೇಕು. ನಾನು ವೇದಿಕೆಯ ಇನ್ನೊಂದು ಅಂಚಿನಲ್ಲಿ ನಿಂತು, ಫೋಟೋ ಆದ ತಕ್ಷಣ 'ಬನ್ನಿ ಬನ್ನಿ, ಹಿಂಗೆ ಇಳೀರಿ, ಊಟ ಮಾಡ್ಕೊಂಡೇ ಹೋಗ್ಬೇಕು' ಎಂದು ಕೈ ಬೀಸಿ ಇಳಿಸುವುದು. ನೀವು ನಂಬುವುದಿಲ್ಲ, ಕ್ಯೂ ಬಿಸಿ ಅನ್ನದ ಮೇಲಿನ ತುಪ್ಪದ ಹಾಗೆ ಕರಗಿತು! ಮದುಮಕ್ಕಳ ಪಕ್ಕದಲ್ಲಿ ನಿಂತಿದ್ದ ಭಾವ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಇನ್ನಷ್ಟು ಹುರುಪಿನಿಂದ ಕೈ ಬೀಸಿದೆ.

ಸ್ವಲ್ಪ ಹೊತ್ತಿಗೆ ಸುಶೀಲಕ್ಕ ಏದುಸಿರು ಬಿಡುತ್ತಾ ಮೇಲೆ ಬಂದಳು. 'ಏನೋ ಮಾಡ್ತಿದೀಯ ನೀನು? ಕೆಳಗೆ ಬಂದು ನೋಡು ಒಂದ್ಸಲ!'

ಹೋಗಿ ನೋಡಿದೆ. ನಮ್ಮ ಕಡೆ ಛತ್ರಗಳಲ್ಲಿ ಊಟಕ್ಕೆ ಜಾಗ ಹಿಡಿಯುವ ಪದ್ಧತಿ ನಿಮಗೂ ಗೊತ್ತಿರಬಹುದು. ಯಾರ ಎಲೆಗೆ ಮಜ್ಜಿಗೆ ಬೀಳುವ ಹಾಗಿದೆಯೋ ಅವರ ಕುರ್ಚಿಯ ಹಿಂದೆ ಹೋಗಿ, ಬೆನ್ನಿನ ಹಲಗೆ ಹಿಡಿದು ನಿಲ್ಲುವುದು. ಆ ಹೊತ್ತು ಎಲೆಗೆ ಪಲ್ಯ ಬಿದ್ದವರ ಹಿಂದೆಯೂ ಜನ ನಿಂತಿದ್ದರು. ಒಂದೊಂದು ಕುರ್ಚಿಯ ಹಿಂದೆ ಒಂದೊಂದು ಸಂಸಾರ, ಅದೂ ಲಲಿತಾ ಜೋಡಿಸಿದ ಎತ್ತರದ ಪ್ರಕಾರವೇ. ಸಾರಿನ ಬಕೆಟ್ಟು ಹಿಡಿದವರಿಗೆ ನಡೆಯಲು ದಾರಿಯಿಲ್ಲ. ಉಣ್ಣುವವರು ಕತ್ತು ಬಗ್ಗಿಸಿ ಗಬಗಬ ನುಂಗುತ್ತಿದ್ದರು. ಅಡುಗೆ ಕಂಟ್ರಾಕ್ಟರು ನನ್ನನ್ನು ಕಂಡವರೇ, 'ಜನಾನ ಹಿಂಗೆ ಒಟ್ಟಿಗೆ ತಳ್ಳಿದ್ರೆ ಹೆಂಗೆ ಸಾರ್? ಒಬ್ಬಟ್ಟು ಬೇಯೋದು ನನ್ನ ಕಾವಲಿ ಮೇಲೆ, ನಿಮ್ಮ ಸ್ಟೇಜ್ ಮೇಲಲ್ಲ' ಎಂದು ರೇಗಿದರು. ಆಸ್ಪತ್ರೆಯ ಡಾಕ್ಟರ ಮುಖ ನೆನಪಾಯಿತು. ಕಾಯುವುದನ್ನು ಒಂದು ಕಡೆಯಿಂದ ಓಡಿಸಿದರೆ ಅದು ಸಾಯುವುದಿಲ್ಲ, ಮೆಟ್ಟಿಲಿಳಿದು ಇನ್ನೊಂದು ಕಡೆ ಹೋಗಿ ನಿಲ್ಲುತ್ತದೆ. ಅದು ಯಾಕೆ ಹೀಗೆ ಎಂದು ಅಲ್ಲೇ ನಿಂತು ಯೋಚಿಸಬೇಕೆನ್ನಿಸಿತು. ಅಷ್ಟರಲ್ಲಿ ದೊಡ್ಡಪ್ಪನ ನೆನಪಾಯಿತು.

ಮೇಲಕ್ಕೆ ಓಡಿದೆ. ಸಭಾಂಗಣ ಹೆಚ್ಚುಕಡಿಮೆ ಖಾಲಿ. ಮುಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ, ದೊಡ್ಡಪ್ಪ ಒಬ್ಬರೇ. ಶಲ್ಯ ಹೆಗಲಿಗೆ ಹಾಕಿಕೊಂಡು ಏಳುವ ಸಿದ್ಧತೆಯಲ್ಲಿದ್ದರು. ವೇದಿಕೆಯ ಮೇಲೆ ಬೀಗರ ಮಧ್ಯೆ ಸಿಕ್ಕಿಬಿದ್ದ ಭಾವ ನನಗೆ ಕಣ್ಣಲ್ಲೇ ಅಂಗಲಾಚುತ್ತಿದ್ದರು.

'ದೊಡ್ಡಪ್ಪ, ನೋಡಿ, ಕ್ಯೂನೇ ಇಲ್ಲ! ಹೋಗಿ ಆಶೀರ್ವಾದ ಮಾಡಿ, ಹಂಗೇ ಕೆಳಗೆ ಹೋಗಿ ಊಟ ಮುಗಿಸ್ಬಿಡಿ' ಅಂದೆ.

'ಕ್ಯೂ ಇಲ್ಲ ಅಂತ ನಂಗೂ ಕಾಣ್ತದಪ್ಪ. ಎಲ್ಲಾರದೂ ಆಯ್ತಲ್ಲ, ನಾನು ಬರ್ತೀನಿ' ಅಂದರು.

ಅವರು ಬಾಗಿಲ ಕಡೆ ತಿರುಗಿದ್ದರು. ಬೇರೇನೂ ತೋಚದೆ, ಯಾರೂ ಇದುವರೆಗೆ ಕೇಳದಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ. 'ದೊಡ್ಡಪ್ಪ, ಹೋದ ಸಲನೂ ಊಟ ಮಾಡ್ದೆ ಹೋದ್ರಿ. ಯಾಕೆ ಅಂತ ಹೇಳಿ. ಕಾಯೋಕೆ ಆಗಲಿಲ್ವಾ?'

ಅವರು ನಿಂತರು. 'ಕಾಯೋಕಾ? ಮಾರ್ಕೆಟ್ಟಲ್ಲಿ ಲಾರಿ ಬರೋತನಕ ಮೂಟೆ ಮೇಲೆ ಕೂತು ಕಾದು ಬೆಳೆದೋನು ನಾನು. ಕ್ಯೂಗೆಲ್ಲ ಹೆದರ್ತೀನಾ? ಅವತ್ತು ಅಷ್ಟು ಜನ ನನ್ನ ಮುಂದೇನೇ ಓಡಾಡಿದ್ರು. ದೊಡ್ಡಪ್ಪ ಏಳಿ ಊಟಕ್ಕೆ ಅಂತ ಒಬ್ಬರೂ ಬಂದು ಎಬ್ಬಿಸ್ಲಿಲ್ಲ. ನಾನಾಗೇ ಹೋಗಿ ಎಲೆ ಮುಂದೆ ಕೂತ್ಕೊಳೋಕೆ, ನಾನೇನು ಹೋಟ್ಲಿಗೆ ಬಂದಿದ್ನಾ? ನೀನೂ ಈಗ ಹಂಗೇ ಹೇಳ್ತಿದೀಯ, ಹೋಗಿ ಮುಗಿಸ್ಬಿಡಿ ಅಂತ.'

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಗಿರಾಕಿಗೆ ನಿಜವಾಗಿ ಏನು ಬೇಕು ಎಂದು ಮೊದಲು ಗಿರಾಕಿಯನ್ನೇ ಕೇಳಬೇಕು, ಇದು ನಮ್ಮ ವಿದ್ಯೆಯ ಮೊದಲ ಪಾಠ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಿ ಊರಿಗೆಲ್ಲ ಹೇಳಿದವನು ನಾನು. ಒಬ್ಬ ಮುದುಕರ ಸಿಟ್ಟಿಗೆ ಕಾರಣ ಕ್ಯೂ ಎಂದು ಭಾವ ಊಹಿಸಿದರು, ನಾನು ನಂಬಿದೆ. ಅದಕ್ಕಾಗಿ ಗುರುತಿಲ್ಲದವರ ಮದುವೆಯಲ್ಲಿ ಉಂಡು ಬರಲು ಪುರುಸೊತ್ತಿತ್ತು, ಮಾವಳ್ಳಿಯ ತನಕ ಹೋಗಿ ಒಂದು ಮಾತು ಕೇಳಲು ಇರಲಿಲ್ಲ.

'ತಪ್ಪಾಯ್ತು. ಏಳಿ ದೊಡ್ಡಪ್ಪ... ಅಂದ್ರೆ, ಎದ್ದೇ ಇದೀರ. ಬನ್ನಿ, ಊಟಕ್ಕೆ ಹೋಗೋಣ. ಭಾವ ಮೇಲಿಂದ ಇಳಿಯೋ ಹಂಗಿಲ್ಲ, ನಾನು ಕರೆದ್ರೆ ಆಗುತ್ತಾ?'

ದೊಡ್ಡಪ್ಪ ವೇದಿಕೆಯ ಕಡೆ ಒಮ್ಮೆ ನೋಡಿದರು. 'ನೀನು ಹೆಣ್ಣಿನ ಸೋದರಮಾವ. ಆಗ್ತದೆ' ಅಂದರು. 'ಕೂರಿಸ್ಬಿಟ್ಟು ಓಡಿಹೋಗಂಗಿಲ್ಲ ಮತ್ತೆ.'

ಊಟದ ಹಾಲಿನಲ್ಲಿ ಕುರ್ಚಿ ಖಾಲಿ ಇರಲಿಲ್ಲ. ಹಿರಿಯರಿಗೆ ಯಾರನ್ನಾದರೂ ಎಬ್ಬಿಸೋಣವೆಂದರೆ ಅವರೇ ತಡೆದರು. ಹಾಗಾಗಿ ಇಬ್ಬರೂ ಒಬ್ಬರ ಕುರ್ಚಿಯ ಹಿಂದೆ ನಿಂತೆವು. ಕೂತವರು ಮಂಡಿಯ ಹಳೇ ಪರಿಚಯವೇ. 'ಏನಪ್ಪ, ಇನ್ನೂ ಪಾಯಸಕ್ಕೇ ಬಂದಿಲ್ವಾ? ನಿಧಾನಕ್ಕೆ ತಿನ್ನು, ನಾನೇನು ಅವಸರ ಮಾಡಲ್ಲ' ಎಂದು ದೊಡ್ಡಪ್ಪ ಅವರ ಹೆಗಲು ತಟ್ಟಿದರು. ಆ ಕಡೆ ಪಂಕ್ತಿಯವರು ಇವರನ್ನು ಮಾತಾಡಿಸಿದರು, ಇವರು ಅವರ ಮೊಮ್ಮಕ್ಕಳನ್ನು ವಿಚಾರಿಸಿದರು. ಕಾಯುವ ಹೊತ್ತನ್ನು ನಾನು ಇಷ್ಟು ವರ್ಷ ದಂಡದ ಲೆಕ್ಕಕ್ಕೆ ಹಾಕಿದ್ದೆ. ದೊಡ್ಡಪ್ಪನಿಗೆ ಮದುವೆಗೆ ಬಂದದ್ದೇ ಈಗ ಎಂಬಂತಿತ್ತು. ಇತ್ತ ನಾನು ವೇದಿಕೆಯಲ್ಲಿ ಇಲ್ಲದ್ದರಿಂದ, ಆಮೇಲೆ ಬಂದ ಜನರ ಕ್ಯೂ ಮೇಲೆ ಮತ್ತೆ ತನ್ನ ಪಾಡಿಗೆ ಬೆಳೆಯಿತು, ಕೆಳಗೆ ಅಡುಗೆಯವರು ಉಸಿರಾಡಿಕೊಂಡರು. ಜಾಗ ಸಿಕ್ಕ ಮೇಲೆ ದೊಡ್ಡಪ್ಪ ಒಬ್ಬಟ್ಟನ್ನು ಬೇಡ ಬೇಡ ಎನ್ನುತ್ತಲೇ ಹಾಕಿಸಿಕೊಂಡು, ತುಪ್ಪವನ್ನು ಸಾಕು ಎನ್ನದೆಯೇ ಹಾಕಿಸಿಕೊಂಡು ಉಂಡರು. ನಾನೂ ಪಕ್ಕದಲ್ಲಿ ಉಂಡೆ. ಕೈ ತೊಳೆದು, 'ನಡಿ, ಈಗ ಮಕ್ಕಳಿಗೆ ಆಶೀರ್ವಾದ ಮಾಡೋಣ' ಎಂದು ಕ್ಯೂನ ಕೊನೆಯಲ್ಲಿ ಹೋಗಿ ನಿಂತರು. ವೇದಿಕೆಯಲ್ಲಿ ಭಾವ ಕಾಲಿಗೆ ಬಿದ್ದಾಗ, 'ಒಬ್ಬಟ್ಟು ಚೆನ್ನಾಗಿತ್ತು ಕಣೋ' ಅಂದರು. ಭಾವ ಮಗುವಿನ ಹಾಗೆ ಅತ್ತುಬಿಟ್ಟರು.

ಮೊನ್ನೆ ಆಲ್ಬಮ್ಮು ಬಂತೆಂದು ಮೇಘನಾ ಫೋನ್ ಮಾಡಿದಳು. 'ಮಾವ, ಎಲ್ಲಾ ಫೋಟೋದಲ್ಲೂ ನೀವಿದೀರ' ಎಂದು ನಗುತ್ತಿದ್ದಳು. ಹೋಗಿ ನೋಡಿದರೆ, ಮೊದಲರ್ಧದ ಪ್ರತಿ ಫೋಟೋದ ಬಲ ಅಂಚಿನಲ್ಲೂ ರೇಷ್ಮೆ ಶರ್ಟಿನ ಒಂದು ತೋಳು, ಅದರ ತುದಿಯಲ್ಲಿ 'ಇಳೀರಿ ಇಳೀರಿ' ಎನ್ನುವ ಒಂದು ಕೈ. ಕತ್ತರಿಸೋಣವೆಂದರೆ ಪಕ್ಕದ ನೆಂಟರೂ ಹೋಗುತ್ತಾರೆಂದು ಫೋಟೋದವರು ಹಾಗೇ ಬಿಟ್ಟಿದ್ದಾರೆ. ನಾನು ಪೂರ್ತಿಯಾಗಿ ಕಾಣುವುದು ಒಂದರಲ್ಲಿ ಮಾತ್ರ, ದೊಡ್ಡಪ್ಪನ ಪಕ್ಕದಲ್ಲಿ. ಅದರಲ್ಲಿ ಅವರು ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ.

'ನೋಡೇ, ಎಷ್ಟು ಪ್ರೀತಿ ಅವರಿಗೆ' ಎಂದು ಲಲಿತಾಳಿಗೆ ತೋರಿಸಿದೆ.

'ಪ್ರೀತಿ ಅಂತೆ' ಅಂದಳು ಲಲಿತಾ. 'ಈ ಕೈ ಬಿಟ್ರೆ ನನ್ನನ್ನೂ ಇಳಿಸ್ಬಿಡ್ತಾನೆ ಅಂತ ಹಿಡ್ಕೊಂಡಿದ್ರು ರೀ. ಇಳಿಯೋವಾಗ ನನ್ನ ಹತ್ರ ಅವರೇ ಹೇಳಿದ್ರು.'