ಲೋಕಕ್ಕೆಲ್ಲ ಹೋದ ಅವ್ವನ ತಿಥಿ ಪತ್ರಿಕೆ

ಕರೆಯುವ ವಿಷಯದಲ್ಲಿ ನನ್ನಿಂದ ಲೋಪವಾಯಿತೆಂದು ಈ ಭೂಮಿಯ ಮೇಲೆ ಒಬ್ಬನೂ ಹೇಳಲಾರ. ಅವ್ವನ ತಿಥಿಗೆ ನಾನು ಕರೆದಷ್ಟು ಜನರನ್ನು ನಮ್ಮ ಸೀಮೆಯ ಯಾವ ಮಗನೂ ಕರೆದಿಲ್ಲ. ಸಮುದ್ರದಾಚೆಗೂ ಕರೆದಿದ್ದೇನೆ! ಬಂದವರು ಮಾತ್ರ ಕ್ಯಾತನಹಳ್ಳಿ ಮತ್ತು ಸುತ್ತಲಿನ ನಾಲ್ಕು ಊರಿನವರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪಾಂಡವಪುರದಲ್ಲಿ ರಫೀಕಣ್ಣ ತನ್ನ ಟೈಪಿಂಗ್ ಸೆಂಟರಿಗೆ ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ಕರಕರ ಅನ್ನುವ ಒಂದು ಪ್ರಿಂಟರು ತಂದಿದ್ದ. ಅಲ್ಲಿ ಅರ್ಜಿ ಟೈಪ್ ಮಾಡುವ ಕೆಲಸ ನನ್ನದು. ಪ್ರಿಂಟರಿಗೆ ಒಂದು ಕೆಟ್ಟ ಚಾಳಿ. ಪ್ರತಿ ಹಾಳೆಯ ಕೊನೆಯ ಸಾಲನ್ನು ನುಂಗಿಬಿಡುತ್ತಿತ್ತು. ಅರ್ಜಿದಾರನ ಹೆಸರು ಇರುವುದೇ ಕೊನೆಯ ಸಾಲಿನಲ್ಲಿ! ಹೀಗಾಗಿ ನಮ್ಮಿಂದ ಹೋದ ಅರ್ಜಿಗಳೆಲ್ಲ ಅನಾಥವಾಗಿದ್ದವು.

ತಪ್ಪು ಪ್ರಿಂಟರಿನದಲ್ಲ, ಅದನ್ನು ನಡೆಸುವ ಪ್ರೋಗ್ರಾಮಿನದು. ಅದು ಪುಕ್ಕಟೆ ಪ್ರೋಗ್ರಾಮು. ಬರೆದವರು ಅದರ ಒಳಗುಟ್ಟನ್ನೂ ಎಲ್ಲರ ಮುಂದೆ ಬಿಚ್ಚಿಟ್ಟಿದ್ದರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಚರ್ಚೆಗೆ ಒಂದು ಇ-ಮೇಲ್ ಬಳಗವಿತ್ತು. ಒಬ್ಬ ಬರೆದದ್ದು ದೇಶದೇಶಗಳ ನೂರಾರು ಜನಕ್ಕೆ ಹೋಗುತ್ತಿತ್ತು. ಬಳಗದ ಹಿರಿಯ ಪೀಟರ್ ಅಂತ, ಯೂರೋಪಿನ ಯಾವುದೋ ಊರಿನವನು. ನಾನು ಕೇಳುತ್ತಿದ್ದ ಪೆದ್ದು ಪ್ರಶ್ನೆಗಳಿಗೆಲ್ಲ ಒಂದು ದಿನವೂ ಬೇಸರಿಸದೆ ಉತ್ತರ ಬರೆದ. ನಾನು ಕಾಲೇಜಿನ ಮುಖ ನೋಡಿದವನಲ್ಲ. ಪ್ರೋಗ್ರಾಮು ಬರೆಯಲು ಕಲಿತದ್ದು ಆ ಬಳಗದಲ್ಲೇ.

ನಾನು ಬರೆಯುತ್ತಿದ್ದುದು ಸೆಂಟರಿನ ವಿಳಾಸದಿಂದ. ಗುರುಗಳಿಗೆ ಬರೆಯುವಾಗ ನಮ್ಮ ಹೆಸರು ಮೆರೆಸಬಾರದೆಂದು ಕೆಳಗೆ ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದಷ್ಟೇ ಇಂಗ್ಲಿಷಿನಲ್ಲಿ ಹಾಕುತ್ತಿದ್ದೆ. ಶಾಲೆಯಲ್ಲಿ ರಜಾಪತ್ರ ಬರೆದು ಬಂದ ವಿನಯ ಅದು. ಈ ವಿನಯವೇ ಮುಂದೆ ನನ್ನನ್ನು ನುಂಗಿತು.

ನಾಲ್ಕು ತಿಂಗಳು ಹೆಣಗಿ ಆ ಕೊನೆಯ ಸಾಲಿನ ರೋಗಕ್ಕೆ ಮದ್ದು ಕಂಡುಹಿಡಿದು ಕಳಿಸಿದೆ. ‘ಪರೀಕ್ಷಿಸುತ್ತೇನೆ. ಸರಿಯಿದ್ದರೆ ನೆರವಾದವರ ಪಟ್ಟಿಯಲ್ಲಿ ಹೆಸರು ಹಾಕುತ್ತೇನೆ’ ಎಂದು ಪೀಟರ್ ಬರೆದ. ಆ ಪಟ್ಟಿ ಪ್ರೋಗ್ರಾಮಿನ ಜೊತೆಗೇ ಲೋಕವೆಲ್ಲ ಸುತ್ತುತ್ತದೆ. ಸೈಕಲ್ಲು ತುಳಿದು ಊರಿಗೆ ಬಂದವನೇ ಅವ್ವನಿಗೆ ಹೇಳಿದೆ.

“ಅದೇನ್ ಪಟ್ಟಿ ಮಗ, ಓಟಿನ್ ಪಟ್ಟಿಯಾ?” ಅಂದಳು ಅವ್ವ, ಮುದ್ದೆ ತಿರುವುತ್ತ.

“ಅಲ್ಲ ಕಣವ್ವ, ದೇಸದೇಸದೋರು ನೋಡೋ ಪಟ್ಟಿ. ಅದ್ರಲ್ಲಿ ನನ್ನೆಸ್ರು ಬತ್ತದೆ!”

“ಬಂದ್ ದಿನ ಕಾಗ್ದದಲ್ಲಿ ತಂದ್ ತೋರ್ಸು. ಓದಕ್ ಬರ್ದಿದ್ರೇನು, ಮುಟ್ಟಿ ನೋಡ್ತೀನಿ.”

ಆ ದಿನ ಬರುವ ಮೊದಲೇ ಅವ್ವ ಹೋದಳು. ನಾಲ್ಕು ದಿನದ ಜ್ವರ, ಅಷ್ಟೆ. ನಗಿಸಲು ಹೊರಟವನು ಇಲ್ಲಿ ಏನು ಬರೆಯಲಿ? ಒಲೆಯ ಮುಂದೆ ಅವಳು ಕೂರುತ್ತಿದ್ದ ಮಣೆಯನ್ನು ಎಷ್ಟೋ ದಿನ ಯಾರೂ ಎತ್ತಿಡಲಿಲ್ಲ.

ತಿಥಿಯ ಪತ್ರಿಕೆ ಅಚ್ಚಾಯಿತು. ಮೇಲೆ ಅವ್ವನ ಫೋಟೋ. ಹಂಚುವ ಉಸ್ತುವಾರಿ ನಮ್ಮ ದೊಡ್ಡಪ್ಪನದು.

“ಒಬ್ರುನ್ನೂ ಬುಡ್ಬ್ಯಾಡ ಕಣ್ಲಾ. ಮದ್ವೆಗ್ ಕರೀದಿದ್ರೂ ಸುಮ್ಕಾಯ್ತಾರೆ, ತಿಥಿಗ್ ಯೋಳ್ದಿದ್ರೆ ಸಾಯೋಗಂಟ ಮಾತಾಡ್ಸಕಿಲ್ಲ. ನಿಂಗೆ ಕಂಪ್ಯೂಟ್ರು ಕಲ್ಸ್‌ದೋರ್ಗೆ ಯೋಳ್ದೇನ್ಲಾ?”

“ಅವ್ರು ಬೋ ದೂರದಲ್ಲವ್ರೆ ದೊಡ್ಡಪ್ಪ.”

“ದೂರ ಇದ್ರೆ ಬಸ್ಸಿಲ್ವೇನ್ಲಾ?”

ನ್ಯಾಯವಾದ ಮಾತು! ಸೆಂಟರಿಗೆ ಹೋದೆ. ರಫೀಕಣ್ಣ ನಮಾಜಿಗೆ ಹೋಗಿದ್ದ. ಅವ್ವನ ಮುಖ ಮಸುಕಾಗಬಾರದೆಂದು ಪತ್ರಿಕೆಯನ್ನು ಸ್ಕ್ಯಾನರಿನಲ್ಲಿ ಆದಷ್ಟೂ ದೊಡ್ಡದಾಗಿ ತೆಗೆದೆ. ಅದನ್ನು ಬಳಗಕ್ಕೆ ಬರೆದ ಇ-ಮೇಲಿಗೆ ಲಗತ್ತಿಸಿ, ಮೇಲಿನ ಸಾಲಿನಲ್ಲಿ ‘ಕಾಳಮ್ಮ, ಕ್ಯಾತನಹಳ್ಳಿ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಅವರು ವೈಕುಂಠವಾಸಿಗಳಾಗಿರುವುದರಿಂದ ಬಳಗದ ಸಮಸ್ತರೂ ಸಕುಟುಂಬ ಸಮೇತರಾಗಿ ಮಧ್ಯಾಹ್ನದ ಊಟಕ್ಕೆ ಬರಲೇಬೇಕೆಂದು ಕೋರಿದೆ. ಅವರು ನನ್ನ ಅವ್ವ ಎಂಬ ಒಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಬರೆದೆ. ಪಾಂಡವಪುರದಲ್ಲಿ ಇಳಿದು ಯಾವ ಬಸ್ಸು ಹತ್ತಬೇಕೆಂಬುದನ್ನೂ! ಕೊನೆಗೆ, ತಮ್ಮ ವಿಧೇಯ ವಿದ್ಯಾರ್ಥಿ.

ಆಗ ಇ-ಮೇಲ್ ಹೋಗುತ್ತಿದ್ದುದು ಫೋನು ಲೈನಿನಲ್ಲಿ. ಪತ್ರ ಹೋಗಲು ಒಂದು ಗಂಟೆ ಹಿಡಿಯಿತು. ಹೋಗುವುದಕ್ಕೇ ಒಂದು ಗಂಟೆಯಾದರೆ ನೂರಾರು ಮನೆಗಳಲ್ಲಿ ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕು? ಈ ಲೆಕ್ಕ ಪ್ರೋಗ್ರಾಮರನಾದ ನನಗೆ ಹೊಳೆಯಲಿಲ್ಲ. ಲೋಕದ ಫೋನು ಲೈನುಗಳೆಲ್ಲ ಕಬ್ಬಿನ ಟ್ರಾಕ್ಟರು ಅಡ್ಡ ನಿಂತ ರಸ್ತೆಯಂತಾದವು.

ಮಾರನೆಯ ದಿನ ರಫೀಕಣ್ಣ ಬಾಗಿಲಲ್ಲೇ ಹಿಡಿದ. “ಅರೆ, ಏನ್ ಮಾಡ್ಬುಟ್ಯಪ್ಪ ನೀನು! ಎಲ್ರೂ ಬೈದು ಬರ್ದವ್ರೆ ನೋಡು!”

ಬೆಳಗಿನಿಂದ ಕಾದು ಕೂತರೆ ಯಾವುದೋ ಹೆಂಗಸಿನ ಫೋಟೋ ಬಂತಲ್ಲ ಎಂದು ಒಬ್ಬ ಕೂಗಾಡಿದ್ದ. ಹೋಟೆಲಿನ ಜಾಹೀರಾತು ನಿಲ್ಲಿಸಿ ಎಂದು ಇನ್ನೊಬ್ಬ. ಬಳಗದ ಶಿಸ್ತು ನೋಡುವವನು ನಮ್ಮ ವಿಳಾಸವನ್ನೇ ಹೊರಗೆ ಹಾಕಿದ್ದ. ನಾನು ಅಳುವುದನ್ನು ನೋಡಿ ರಫೀಕಣ್ಣನ ದನಿ ಇಳಿಯಿತು. “ಓಗ್ಲಿ ಬುಡು. ಅಮ್ಮನ್ ಕೈ ಊಟ ನಾನೂ ಉಂಡಿವ್ನಿ. ತಿಥಿಗೆ ನಾನ್ ಬತ್ತೀನಿ.” ಬಂದ. ಎಲೆ ಎತ್ತುವವರೆಗೂ ಇದ್ದ.

ನನಗಿದ್ದ ಒಂದೇ ಶಾಲೆಯ ಬಾಗಿಲು ಮುಚ್ಚಿತು. ಪೀಟರನಿಗಾದರೂ ಕ್ಷಮೆ ಕೇಳೋಣವೆಂದರೆ ನಾಚಿಕೆ ಬಿಡಲಿಲ್ಲ. ಅವ್ವನನ್ನು ನಾನೇ ಪರದೇಶದವರಿಂದ ಬೈಸಿದ್ದೆ.

ಆರು ತಿಂಗಳ ಮೇಲೆ ರಫೀಕಣ್ಣ ತಂದ ಒಂದು ಕಂಪ್ಯೂಟರ್ ಮಾಸಪತ್ರಿಕೆಯ ಜೊತೆಗಿನ ಸಿ.ಡಿ.ಯಲ್ಲಿ ಆ ಪ್ರೋಗ್ರಾಮಿನ ಹೊಸ ಆವೃತ್ತಿ ಇತ್ತು. ಹಾಕಿದೆವು. ನೆರವಾದವರ ಪಟ್ಟಿಯನ್ನು ಮುದ್ರಿಸಿದೆ. ಮೇಲಿನಿಂದ ಕೆಳಗೆ ನನ್ನ ಹೆಸರು ಹುಡುಕಿದೆ. ಇಲ್ಲ! ಇನ್ನೊಮ್ಮೆ ಹುಡುಕಿದೆ. ಇಲ್ಲ!

ಹಾಳೆಯ ಕಟ್ಟಕಡೆಯ ಸಾಲು, ಹಳೆಯ ಆವೃತ್ತಿಯಾಗಿದ್ದರೆ ಪ್ರಿಂಟರು ನುಂಗುತ್ತಿದ್ದ ಸಾಲು, ಕಪ್ಪಗೆ ಮೂಡಿತ್ತು. ‘ಕಾಳಮ್ಮ, ಕ್ಯಾತನಹಳ್ಳಿ. ಕೊನೆಯ ಸಾಲನ್ನು ಉಳಿಸಿಕೊಟ್ಟವರು.’

ನಮ್ಮ ವಿಳಾಸದಿಂದ ಪೀಟರನಿಗೆ ತಲುಪಿದ್ದ ಹೆಸರು ಅದೊಂದೇ. ಪಾಪ, ವೈಕುಂಠವೆಂದರೆ ಏನೆಂದು ಅವನಿಗೇನು ಗೊತ್ತು!

ಹಾಳೆಯನ್ನು ಮನೆಗೆ ತಂದು ಒಲೆಯ ಮುಂದಿನ ಮಣೆಯ ಮೇಲಿಟ್ಟೆ. ಮುಟ್ಟಿ ನೋಡುತ್ತೇನೆ ಅಂದಿದ್ದಳಲ್ಲ. ಅವಳ ಬದಲು ನಾನೇ ಮುಟ್ಟಿದೆ. ಆಮೇಲೆ ತಡೆಯಲಾಗದೆ ಅತ್ತೆ.

ಇದ್ದ ಅರುವತ್ತು ವರ್ಷವೂ ಹೆಬ್ಬೆಟ್ಟು ಒತ್ತಿದ ಅವ್ವ ಲೋಕವೇ ಬಲ್ಲ ಪ್ರೋಗ್ರಾಮರ್ ಆದಳು. ನಾನು ಇವತ್ತಿಗೂ ವಿಧೇಯ ವಿದ್ಯಾರ್ಥಿ.